ಸಡಿಲ ಪೆಡಲಿನ ಪ್ರಯಾಣ

ಕೋಲಾರದ ಹೆಸರನ್ನು ಕೇಳಿದೊಡನೆ ಹೊರಗಿನವರಿಗೆ ನೆನಪಾಗುವುದು ಚಿನ್ನ. ಆ ಚಿನ್ನದ ಗಣಿ 2001ನೆಯ ಇಸವಿ ಫೆಬ್ರವರಿ ತಿಂಗಳ ಕೊನೆಯಲ್ಲಿ ಮುಚ್ಚಿಹೋಯಿತು. ಈ ಸೀಮೆಯಲ್ಲಿಯೇ ಹುಟ್ಟಿ ಬೆಳೆದ ನಮ್ಮಂಥವರಿಗಾದರೋ ನೆನಪಾಗುವುದು ಮಾವು, ಹೆಂಚು, ರೇಷ್ಮೆ, ಬಂಡೆಗಲ್ಲಿನ ಬೆಟ್ಟಗಳು, ಅರ್ಧ ಕನ್ನಡವೂ ಅರ್ಧ ತೆಲುಗೂ ಆದ ಮಾತು. ಇವನ್ನು ಕುರಿತು ಬಲ್ಲವರು ಅನೇಕರು ಬರೆದಿದ್ದಾರೆ. ನಾನು ಬರೆಯಹೊರಟಿರುವುದು ಒಂದು ಬೋಲ್ಟಿನ ವಿಷಯ. ಅದರ ಉದ್ದ ಕಿರುಬೆರಳಿನ ಅರ್ಧದಷ್ಟೂ ಇಲ್ಲ. ಆದರೂ ಕಳೆದ ಜ್ಯೇಷ್ಠಮಾಸದಲ್ಲಿ ಮಾಲೂರು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ಊರುಗಳನ್ನು ನಾನೂ ನನ್ನ ಮನೆಯಾಕೆಯೂ ಯಾವ ಕ್ರಮದಲ್ಲಿ, ಎಷ್ಟು ಹೊತ್ತು, ಯಾವ ಮನಸ್ಸಿನಿಂದ ನೋಡಬೇಕೆಂಬುದನ್ನು ನಿಶ್ಚಯಿಸಿದುದು ಅದೇ ಆದುದರಿಂದ, ವಾಚಕರು ಅದರ ಪ್ರಸ್ತಾಪವನ್ನು ಸಹಿಸಿಕೊಳ್ಳಬೇಕು.

ನಮ್ಮ ಮನೆಯಲ್ಲಿ ಒಂದು ಮೋಟಾರ್ ಸೈಕಲ್ಲಿದೆ. ಕ್ರೂಸರ್ ಎಂದು ಕರೆಯುವ ಜಾತಿಯದು. ತಗ್ಗಾದ ಪೀಠ, ಅಗಲವಾದ ಹಿಡಿಗಳು, ಕಾಲುಗಳನ್ನು ಮುಂದಕ್ಕೆ ಚಾಚಿ ಆರಾಮಕುರ್ಚಿಯಲ್ಲಿ ಕುಳಿತಂತೆ ಕುಳಿತು ನಡೆಸುವಂಥದು. ಅದು ನನ್ನದಲ್ಲ, ಮಗನದು. ಅವನು ಕೆಲಸದ ಮೇಲೆ ದೂರದ ಊರಿಗೆ ಹೋಗುವಾಗ ಬಂಡಿಯನ್ನು ಹಿತ್ತಲ ಬಾಗಿಲಿನ ಪಕ್ಕದಲ್ಲಿ ನಿಲ್ಲಿಸಿ, “ಅಪ್ಪಾ, ವಾರಕ್ಕೊಮ್ಮೆಯಾದರೂ ಸ್ಟಾರ್ಟ್ ಮಾಡ್ತಾ ಇರಿ” ಎಂದು ಹೇಳಿ ಹೋದನು. ನಾನು ಸ್ಟಾರ್ಟ್ ಮಾಡಿದುದು ಮಾತ್ರವಲ್ಲದೆ ಓಡಿಸಲೂ ತೊಡಗಿದೆ. ಐವತ್ತೆಂಟರ ವಯಸ್ಸಿನಲ್ಲಿ ಇದು ಬೇಕೆ ಎಂಬುದು ಮನೆಯಾಕೆಯ ಪ್ರಶ್ನೆ. ಮಾರಿಬಿಡೋಣ ಎಂಬುದು ಅವಳ ಸಲಹೆ. ಈ ವಿಷಯದಲ್ಲಿ ನಮ್ಮಿಬ್ಬರಲ್ಲಿ ಒಂದು ವರ್ಷದಿಂದ ತಣ್ಣನೆಯ ವಾದ ನಡೆಯುತ್ತಲೇ ಇದ್ದಿತು. ಬಂಡಿಯನ್ನು ಮಾರಿದರೆ ಮಗನು ಇನ್ನು ಈ ಊರಿಗೆ ಮರಳಿ ಬರುವುದಿಲ್ಲವೆಂದು ಒಪ್ಪಿಕೊಂಡಂತಾಗುತ್ತದೆ ಎಂಬ ಮಾತು ನನ್ನ ಮನಸ್ಸಿನಲ್ಲಿದ್ದಿತು. ಅದನ್ನು ನಾನು ಹೇಳಿರಲಿಲ್ಲ. ಅವಳಿಗೆ ಅದು ತಿಳಿದಿತ್ತೋ ಏನೋ, ಅವಳೂ ಹೇಳಿರಲಿಲ್ಲ.

ಎರಡು ವಾರಗಳಿಂದ ಗೇರಿನ ಪೆಡಲು ಅಲ್ಲಾಡುತ್ತಿದ್ದಿತು. ಕಾಲಿಟ್ಟರೆ ಮೊದಲು ಬೆರಳಗಲ ಸುಮ್ಮನೆ ಕೆಳಕ್ಕೆ ಹೋಗಿ, ಆಮೇಲೆ ಗೇರು ಬೀಳುತ್ತಿದ್ದಿತು. ನಾನು ಒಂದು ಸ್ಪ್ಯಾನರ್ ಹಿಡಿದುಕೊಂಡು, ಕಣ್ಣಿಗೆ ಮೊದಲು ಬಿದ್ದ ನಟ್ಟನ್ನು ಬಿಗಿಮಾಡಿದೆ. ಅದು ಎಡಕ್ಕೆ ತಿರುಗಿಸಿದರೆ ಬಿಗಿಯುವ, ಬಲಕ್ಕೆ ತಿರುಗಿಸಿದರೆ ಸಡಿಲುವ ನಟ್ಟೆಂದು ನನಗೇನು ಗೊತ್ತು! ನಾನು ಬಿಗಿಮಾಡುತ್ತೇನೆಂದು ತಿಳಿದು ಸಡಿಲಿಸಿದ್ದೆ. ಬಳಿಕ ಅದನ್ನು ಹೇಗೋ ಸರಿಪಡಿಸಿ, “ಇಷ್ಟು ಅಲ್ಲಾಡುವುದು ಸಹಜವೇ ಇರಬೇಕು” ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಶ್ರೀನಿವಾಸಪುರದಲ್ಲಿ ಮನೆಯಾಕೆಯ ಅಕ್ಕನ ಮನೆ. ಮಾವಿನ ಸುಗ್ಗಿಗೆ ಬರಬೇಕೆಂದು ವರ್ಷ ವರ್ಷವೂ ಕರೆ ಬರುತ್ತದೆ. ಈ ಸಲ ಬಸ್ಸಿನಲ್ಲಿ ಹೋಗುವುದು ಬೇಡ, ಬಂಡಿಯಲ್ಲಿಯೇ ಹೋಗೋಣ, ದಾರಿಯಲ್ಲಿ ಕೋಲಾರಮ್ಮನ ದರ್ಶನ, ಮುಳಬಾಗಿಲಿನಲ್ಲಿ ಆಂಜನೇಯನ ದರ್ಶನ ಎಂದು ನಾನು ಆಸೆ ತೋರಿಸಿದೆ. ದೇವರ ಹೆಸರು ಬಂದುದರಿಂದ ಅವಳು ಒಪ್ಪಿದಳು.

ಮಾಲೂರಿನ ಹೆಂಚಿನ ಮತ್ತು ಇಟ್ಟಿಗೆಯ ಕಾರ್ಖಾನೆಗಳನ್ನು ದಾಟಿದರೆ ನೀಲಗಿರಿಯ ತೋಪುಗಳು. ಅವುಗಳ ನಡುವೆ ಕೆಮ್ಮಣ್ಣಿನ ಹೊಲಗಳು. ಇದೇ ತಾಲ್ಲೂಕಿನ ಮಾಸ್ತಿ ಎಂಬ ಗ್ರಾಮದ ಹೆಸರು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರಿಂದ ನಾಡಿಗೆಲ್ಲ ಪರಿಚಿತವಾಗಿದೆ. ಅವರಿಗೆ 1983ರ ಜ್ಞಾನಪೀಠ ಪ್ರಶಸ್ತಿ ಬಂದಾಗ ಮಾಲೂರಿನವರು ತಮಗೇ ಬಂದಂತೆ ಹಿಗ್ಗಿದುದು ನನಗೆ ನೆನಪಿದೆ. ಬೆಳಗಿನ ಆರೂವರೆಗೆ ಹೊರಟ ನಾವು ನರಸಾಪುರದ ಬಳಿ ಹೆದ್ದಾರಿಯನ್ನು ಸೇರಿದೆವು. ಇಲ್ಲಿ 2013ರಿಂದ ಹೋಂಡಾ ಕಂಪೆನಿಯ ದ್ವಿಚಕ್ರವಾಹನಗಳ ದೊಡ್ಡ ಕಾರ್ಖಾನೆಯಿದೆ. ನಮ್ಮ ಬಂಡಿ ಅಲ್ಲಿ ಹುಟ್ಟಿದುದಲ್ಲ. ಆದರೂ ಅಷ್ಟೊಂದು ಬಂಡಿಗಳು ಹುಟ್ಟುವ ಸ್ಥಳದ ಮುಂದೆ ಸಡಿಲ ಪೆಡಲಿನೊಡನೆ ಹಾದುಹೋಗುವಾಗ ಸ್ವಲ್ಪ ನಾಚಿಕೆಯೆನಿಸಿತು. ಈ ಭಾಗದ ಕೆರೆಗಳಲ್ಲಿ ಈಗ ನೀರು ಕಾಣುತ್ತದೆ. 2018ರಿಂದ ಬೆಂಗಳೂರಿನ ಕೊಳಚೆನೀರನ್ನು ಶುದ್ಧಿಮಾಡಿ ಕೊಳವೆಗಳ ಮೂಲಕ ತಂದು ಇಲ್ಲಿಯ ಕೆರೆಗಳನ್ನು ತುಂಬಿಸುತ್ತಿದ್ದಾರೆ. ಆ ನೀರನ್ನು ಕುರಿತು ಜನರಲ್ಲಿ ಎರಡು ಅಭಿಪ್ರಾಯಗಳಿವೆ, ಕೊಕ್ಕರೆಗಳಲ್ಲಿ ಒಂದೇ.

ಕೋಲಾರದಲ್ಲಿ ಕೋಲಾರಮ್ಮನ ಗುಡಿಗೆ ಹೋದೆವು. ತಲಕಾಡಿಗೆ ಹೋಗುವುದಕ್ಕೆ ಮುಂಚೆ ಗಂಗರ ರಾಜಧಾನಿಯಾಗಿದ್ದ ಕುವಳಾಲಪುರವೇ ಈ ಊರು. ಗುಡಿಯಲ್ಲಿ ಚೋಳರ ಶಾಸನಗಳಿವೆ. ಒಳಗೆ ಚೇಳಮ್ಮನ ಸನ್ನಿಧಿಯೂ ಉಂಟು. ಅವಳಿಗೆ ನಡೆದುಕೊಂಡವರಿಗೆ ಚೇಳಿನ ಬಾಧೆಯಿಲ್ಲವೆಂದು ನಂಬಿಕೆ. ನೆಲದೊಳಗಿರುವ ಹುಂಡಿಗೆ ಕಾಣಿಕೆ ಹಾಕಿ ಮನೆಯಾಕೆ ಬಹಳ ಹೊತ್ತು ಕೈಮುಗಿದು ನಿಂತಳು. ಏನು ಬೇಡಿಕೊಂಡೆಯೆಂದು ಕೇಳಿದೆ. “ಈ ಬಂಡಿ ನಮ್ಮನ್ನ ಅಕ್ಕನ ಮನೆ ಮುಟ್ಟಿಸಲಿ ಅಂತ” ಎಂದಳು. ಅಂತರಗಂಗೆಯ ಬೆಟ್ಟವನ್ನು ಹತ್ತಿ, ಬಸವನ ಬಾಯಿಂದ ಬೀಳುವ ನೀರನ್ನು ನೋಡಬೇಕೆಂಬ ನನ್ನ ಯೋಚನೆಯನ್ನು ಮೆಟ್ಟಿಲುಗಳ ಸಂಖ್ಯೆಯ ದೆಸೆಯಿಂದ ಮುಂದೂಡಿದೆವು.

ಕೋಲಾರದಿಂದ ಮುಳಬಾಗಿಲಿಗೆ ಸುಮಾರು ಮೂವತ್ತು ಕಿಲೋಮೀಟರು. ರಸ್ತೆ ಅಗಲವಾಗಿದೆ, ನಯವಾಗಿದೆ, ಆದುದರಿಂದಲೇ ಅಪಾಯಕರವಾಗಿದೆ. ಮುಂದೆ ಟೊಮೇಟೊ ತುಂಬಿದ ಲಾರಿಯೊಂದು ನಿಧಾನವಾಗಿ ಹೋಗುತ್ತಿದ್ದಿತು. ಹಿಂದೆ ಇನ್ನೊಂದು ದೊಡ್ಡ ಲಾರಿ ಬರುತ್ತಿದ್ದಿತು. ನಾನು ವೇಗವನ್ನು ತಗ್ಗಿಸಿ, ಐದನೆಯ ಗೇರಿನಿಂದ ಇಳಿಯಲೆಂದು ಪೆಡಲನ್ನು ಒತ್ತಿದೆ. ಪೆಡಲು ಕೆಳಕ್ಕೆ ಹೋಯಿತು. ಏನೋ ಅರ್ಧ ಸಿಕ್ಕಿದಂತೆ ಆಗಿ ತಪ್ಪಿತು. ಕ್ಲಚ್ಚನ್ನು ಬಿಟ್ಟರೆ ಎಂಜಿನು ಆರ್ಭಟಿಸಿತೇ ಹೊರತು ಚಕ್ರಕ್ಕೆ ಬಲ ಬರಲಿಲ್ಲ. ಮತ್ತೊಮ್ಮೆ ಒತ್ತಿದೆ. ಪೆಡಲು ಸೋತ ಕೈಯಂತೆ ಜೋತುಬಿದ್ದಿತು. ಹಿಂದಿನ ಲಾರಿಯ ಹಾರನ್ನು ಬೆನ್ನಿಗೆ ತಗುಲಿದಂತೆ ಕೇಳಿಸಿತು. ಮನೆಯಾಕೆ ನನ್ನ ಭುಜವನ್ನು ಹಿಡಿದ ಹಿಡಿತದಿಂದ, ಅವಳಿಗೆ ಎಲ್ಲವೂ ಅರ್ಥವಾಗಿದೆಯೆಂದು ತಿಳಿಯಿತು. ಇದ್ದ ಓಟದಲ್ಲಿಯೇ ಬಂಡಿಯನ್ನು ಎಡಗಡೆಯ ಮಣ್ಣಿಗೆ ಇಳಿಸಿದೆ. ಲಾರಿ ಗಾಳಿಯನ್ನೂ ಧೂಳನ್ನೂ ನಮ್ಮ ಮೇಲೆ ಎರಚಿ ಮುಂದಕ್ಕೆ ಹೋಯಿತು.

ಇಬ್ಬರೂ ಒಂದು ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ಮಾತಿಲ್ಲದೆ ಕುಳಿತೆವು. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿದ್ದಿತು. ಅವಳು ನೀರಿನ ಬಾಟಲಿಯನ್ನು ಕೊಟ್ಟು, “ಎರಡು ವಾರದಿಂದ ಗೊತ್ತಿತ್ತಲ್ಲಾ ನಿಮಗೆ?” ಎಂದಷ್ಟೇ ಕೇಳಿದಳು. ಗೊತ್ತಿತ್ತು ಎಂದೆ. ಕೈಯಿಂದಲೇ ಶಾಫ್ಟಿನ ಮೇಲಿನ ತೋಳನ್ನು ಒಳಕ್ಕೆ ಅದುಮಿ ಹಿಡಿದು, ಬಂಡಿಯನ್ನು ಹಿಂದಕ್ಕೂ ಮುಂದಕ್ಕೂ ತಳ್ಳುತ್ತ ಹೇಗೋ ಎರಡನೆಯ ಗೇರಿಗೆ ತಂದೆ. ಆ ಒಂದು ಗೇರಿನಲ್ಲಿಯೇ ರಸ್ತೆಯ ಅಂಚನ್ನು ಹಿಡಿದು ಎತ್ತಿನ ಗಾಡಿಯವರಂತೆ ಸಾಗಿದೆವು. ಬಲಗಡೆಗೆ ದೂರದಲ್ಲಿ ಆವಣಿಯ ಸೀಮೆ. ವಾಲ್ಮೀಕಿಯ ಆಶ್ರಮವಿದ್ದುದೂ ಸೀತೆ ಲವಕುಶರನ್ನು ಹೆತ್ತುದೂ ಆ ಬೆಟ್ಟದಲ್ಲಿಯೇ ಎಂದು ಇಲ್ಲಿಯ ಜನರ ನಂಬಿಕೆ. ಅಲ್ಲಿಯ ರಾಮಲಿಂಗೇಶ್ವರನ ಗುಡಿಗಳ ಗುಂಪು ನೊಳಂಬರ ಕಾಲದಷ್ಟು ಹಳೆಯದು. ವೇಗವಾಗಿ ಹೋಗಿದ್ದರೆ ಆ ಕಡೆಗೆ ತಿರುಗಿಯೂ ನೋಡುತ್ತಿರಲಿಲ್ಲ.

ಮೂಡಲ ಬಾಗಿಲು ಎಂಬುದೇ ಮುಳಬಾಗಿಲಾಯಿತೆಂದು ಹೇಳುತ್ತಾರೆ. ಮೈಸೂರು ಸೀಮೆಗೆ ಮೂಡಣದಿಂದ ಬರುವವರಿಗೆ ಇದೇ ಬಾಗಿಲು. ನಾವು ಪಡುವಣದಿಂದ, ಎರಡನೆಯ ಗೇರಿನಲ್ಲಿ ಒಳಹೊಕ್ಕೆವು. ಮೊದಲು ಸಿಕ್ಕಿದ ಅಂಗಡಿಯ ಹುಡುಗನು ಬಗ್ಗಿ ನೋಡಿ, “ಐದು ನಿಮಿಷ ಸಾರ್, ವೆಲ್ಡಿಂಗ್ ಹೊಡೆದುಬಿಡ್ತೀನಿ, ಜನ್ಮದಲ್ಲಿ ಅಲ್ಲಾಡಲ್ಲ” ಎಂದನು. ನನಗೆ ಆ ಮಾತು ಬಹಳ ಹಿಡಿಸಿತು. ಜನ್ಮದಲ್ಲಿ ಅಲ್ಲಾಡದಿರುವುದೇ ತಾನೆ ಬೇಕಾದುದು? ಅಷ್ಟರಲ್ಲಿ ಮನೆಯಾಕೆ, “ಕುಕ್ಕರಿನ ಹಿಡಿ ಸಡಿಲವಾದರೆ ಹಿಡೀನ ಕುಕ್ಕರಿಗೇ ಬೆಸೆದುಬಿಡ್ತಾರೇನಪ್ಪ? ಬಿಚ್ಚಿ ನೋಡಬೇಕು ಮೊದಲು” ಎಂದಳು. ಹುಡುಗನು ನಕ್ಕು, ಬಿಚ್ಚಿ ನೋಡುವವರು ಬೇಕಾದರೆ ಹಿಂದಿನ ಬೀದಿಯಲ್ಲಿ ಸಾಹೇಬರಿದ್ದಾರೆ ಎಂದು ದಾರಿ ತೋರಿಸಿದನು.

ಸಾಹೇಬರಿಗೆ ಎಪ್ಪತ್ತರ ಮೇಲಿರಬಹುದು. ಬಿಳಿಯ ಗಡ್ಡ, ಗ್ರೀಸು ಹತ್ತಿದ ಪಾಯಿಜಾಮೆ. ನನ್ನ ಕಥೆಯನ್ನು ಪೂರ್ತಿ ಕೇಳದೆಯೇ ಅವರು ಬಂಡಿಯ ಎಡಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತರು. ಸ್ಪ್ಯಾನರನ್ನು ಮುಟ್ಟಲಿಲ್ಲ. ಒಂದು ಕೈಯಿಂದ ಪೆಡಲನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸುತ್ತ, ಇನ್ನೊಂದು ಕೈಯ ಬೆರಳುಗಳನ್ನು ಒಂದೊಂದು ಕೀಲಿನ ಮೇಲೆಯೂ ಇಟ್ಟು ನೋಡಿದರು. ವೈದ್ಯರು ನಾಡಿ ಹಿಡಿದಂತೆ.

ಕ್ರೂಸರಿನ ಪೆಡಲಿನ ರಚನೆಯನ್ನು ಅವರು ವಿವರಿಸಿದುದು ಹೀಗೆ. ಸಾಧಾರಣ ಬಂಡಿಗಳಲ್ಲಿ ಕಾಲು ಎಂಜಿನಿನ ಪಕ್ಕದಲ್ಲಿಯೇ ಇರುವುದರಿಂದ, ಗೇರುಪೆಟ್ಟಿಗೆಯಿಂದ ಹೊರಚಾಚಿದ ಶಾಫ್ಟಿಗೇ ಪೆಡಲನ್ನು ತೊಡಿಸಿರುವುದು ಹೆಚ್ಚು. ಇಲ್ಲಿಯೋ ಕಾಲು ಒಂದು ಮೊಳ ಮುಂದಿದೆ. ಆದುದರಿಂದ ಪೆಡಲು ಮುಂದೆ ತನ್ನದೇ ಒಂದು ಗೂಟದ ಮೇಲೆ ಬುಷ್ಷಿನಲ್ಲಿ ತಿರುಗುತ್ತದೆ. ಅದರಿಂದ ಒಂದು ಸಣ್ಣ ರಾಡು ಹಿಂದಕ್ಕೆ ಹೋಗುತ್ತದೆ. ರಾಡಿನ ಎರಡು ತುದಿಗಳಲ್ಲಿಯೂ ಗುಂಡಿನ ಕೀಲುಗಳು. ಕೊನೆಯಲ್ಲಿ ಶಾಫ್ಟಿನ ಮೇಲೆ ಒಂದು ಗೇಣಿಗಿಂತ ಚಿಕ್ಕದಾದ ತೋಳು. ಶಾಫ್ಟಿನ ತುದಿಯಲ್ಲಿ ಸುತ್ತಲೂ ಸಣ್ಣ ಹಲ್ಲುಗಳಿವೆ, ತೋಳಿನ ಕಂಡಿಯೊಳಗೂ ಹಲ್ಲುಗಳಿವೆ. ತೋಳು ಒಂದು ಕಡೆ ಸೀಳಿರುತ್ತದೆ. ಆ ಸೀಳನ್ನು ಅಡ್ಡಲಾಗಿ ಒಂದು ಬೋಲ್ಟು ಬಿಗಿಯುತ್ತದೆ. ಹೀಗೆ ಸಡಿಲಾಗುವುದಕ್ಕೆ ನಾಲ್ಕು ಸ್ಥಳಗಳು. ಯಾವುದು ಸಡಿಲವೆಂದು ನೋಡದೆ ಸ್ಪ್ಯಾನರ್ ಹಿಡಿಯುವವನು ನನ್ನಂತೆ ಬೇರೆಯ ನಟ್ಟನ್ನು ಬಿಗಿಯುತ್ತಾನೆ. ರಾಡಿನ ಒಂದು ತುದಿಯ ಥ್ರೆಡ್ಡು ಬಲಕ್ಕೆ, ಇನ್ನೊಂದು ತುದಿಯದು ಎಡಕ್ಕೆ. ಎರಡು ನಟ್ಟುಗಳನ್ನೂ ಸಡಿಲಿಸಿ ರಾಡನ್ನು ತಿರುಗಿಸಿದರೆ ಪೆಡಲು ಏರುತ್ತದೆ ಅಥವಾ ಇಳಿಯುತ್ತದೆ. ಸವಾರನ ಕಾಲಿಗೆ ಹೊಂದಿಸುವುದಕ್ಕಾಗಿ ಮಾಡಿದ ಏರ್ಪಾಡು ಅದು. ಅಲ್ಲಾಡುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ನಮ್ಮ ಬಂಡಿಯಲ್ಲಿ ರಾಡಿನ ಕೀಲುಗಳು ಸರಿಯಾಗಿದ್ದವು. ಬುಷ್ಷು ಗ್ರೀಸಿಲ್ಲದೆ ಒಣಗಿತ್ತು. ರೋಗವಿದ್ದುದು ತೋಳಿನಲ್ಲಿ: ಪೆಡಲನ್ನು ಒತ್ತಿದರೆ ತೋಳು ತಿರುಗುತ್ತಿತ್ತು, ಶಾಫ್ಟು ನಿಂತಲ್ಲಿಯೇ ಇರುತ್ತಿತ್ತು. “ಇದರ ಚೈನು ಸ್ಪ್ರಾಕೆಟ್ಟು ಈಚೆಗೆ ಬದಲಾಯಿಸಿದ್ದೀರಾ?” ಎಂದು ಕೇಳಿದರು. ಎರಡು ತಿಂಗಳ ಹಿಂದೆ ಬದಲಾಯಿಸಿದ್ದೆ. ಮುಂದಿನ ಸ್ಪ್ರಾಕೆಟ್ಟಿನ ಮುಚ್ಚಳವನ್ನು ತೆಗೆಯಬೇಕಾದರೆ ಈ ತೋಳನ್ನು ಕಳಚಬೇಕು. ಮತ್ತೆ ಹಾಕಿದವರು ಬೋಲ್ಟಿನ ಸ್ಪ್ರಿಂಗ್ ವಾಷರನ್ನು ಮರೆತಿದ್ದರು. ಎಂಜಿನಿನ ನಡುಕಕ್ಕೆ ಬೋಲ್ಟು ಕೂದಲೆಳೆಯಷ್ಟು ಸಡಿಲವಾಯಿತು. ಉಳಿದುದನ್ನು ನನ್ನ ಹಿಮ್ಮಡಿ ಮಾಡಿತು. ಎರಡು ವಾರ ಹಾಗೆಯೇ ಓಡಿಸಿದುದರಿಂದ ತೋಳಿನ ಹಲ್ಲುಗಳು ಮೊಂಡಾಗಿದ್ದವು. ದೈವವಶಾತ್ ಶಾಫ್ಟಿನ ಉಕ್ಕು ಗಟ್ಟಿ. ಅದರ ಹಲ್ಲುಗಳು ಉಳಿದಿದ್ದವು.

ಇದು ಕಾಲಿನ ಅನನುಕೂಲ ಮಾತ್ರವಲ್ಲವೆಂದೂ ಅವರು ಹೇಳಿದರು. ಪೆಡಲಿನ ಒಂದೊಂದು ಒತ್ತಿಗೂ ಒಳಗಿರುವ ಉರುಳೆ ಒಂದೊಂದು ಹೆಜ್ಜೆ ತಿರುಗಿ, ಒಂದು ಗೇರನ್ನು ಬಿಡಿಸಿ ಇನ್ನೊಂದನ್ನು ಹಿಡಿಸಬೇಕು. ಒತ್ತಿನ ಅರ್ಧಭಾಗವು ಹೊರಗಿನ ಸಡಿಲದಲ್ಲಿಯೇ ವ್ಯಯವಾದರೆ ಉರುಳೆ ಅರ್ಧ ಹೆಜ್ಜೆಯಲ್ಲಿ ನಿಲ್ಲುತ್ತದೆ. ಗೇರಿನ ಹಲ್ಲು ಅರ್ಧ ಹಿಡಿದು ಜಾರುತ್ತದೆ. ಹೆದ್ದಾರಿಯಲ್ಲಿ ನಮಗೆ ಆದುದು ಅದೇ. ಹೀಗೆ ಜಾರಿ ಜಾರಿ ಒಳಗಿನ ಹಲ್ಲಿನ ಅಂಚು ಉರುಟಾದರೆ ಎಂಜಿನನ್ನೇ ಬಿಚ್ಚಬೇಕು. ವೆಲ್ಡಿಂಗಿನ ಮಾತನ್ನು ಹೇಳಿದಾಗ ಅವರು ತಲೆಯಾಡಿಸಿದರು. ಶಾಫ್ಟು ಎಂಜಿನಿನಿಂದ ಹೊರಬರುವ ಸ್ಥಳದಲ್ಲಿಯೇ ರಬ್ಬರಿನ ಆಯಿಲ್ ಸೀಲಿದೆ. ಬೆಂಕಿಯ ಕಾವಿಗೆ ಅದು ಸುಟ್ಟು ಎಣ್ಣೆ ಸೋರುತ್ತದೆ. ಮೇಲಾಗಿ ಮುಂದೆ ಸ್ಪ್ರಾಕೆಟ್ಟಿನ ಮುಚ್ಚಳ ತೆಗೆಯಬೇಕಾದ ದಿನ ತೋಳನ್ನು ಕೊಯ್ಯದೆ ಗತಿಯಿಲ್ಲ.

ಅವರು ಮಾಡಿದ ಕೆಲಸವನ್ನು ನಾನು ಮಗ್ಗುಲಲ್ಲಿ ಕುಳಿತು ನೋಡಿದೆ. ಮೊದಲು ಶಾಫ್ಟಿನ ಮೇಲೂ ತೋಳಿನ ಮೇಲೂ ಸೀಮೆಸುಣ್ಣದಿಂದ ಗುರುತು ಮಾಡಿಕೊಂಡರು. ಮತ್ತೆ ಹಾಕುವಾಗ ಒಂದು ಹಲ್ಲು ಹೆಚ್ಚುಕಡಮೆಯಾದರೂ ಪೆಡಲು ಕಾಲಿಗೆ ಸಿಕ್ಕುವುದಿಲ್ಲ. 10ನೆಯ ನಂಬರಿನ ಸ್ಪ್ಯಾನರಿನಿಂದ ಬೋಲ್ಟನ್ನು ಪೂರ್ತಿ ಹೊರಗೆ ತೆಗೆದರು. ಸಡಿಲಿಸಿದರೆ ಸಾಲದು, ಬೋಲ್ಟು ಶಾಫ್ಟಿನ ಒಂದು ಕಚ್ಚಿನಲ್ಲಿ ಅಡ್ಡ ಕುಳಿತಿರುವುದರಿಂದ, ಅದನ್ನು ತೆಗೆಯದೆ ತೋಳನ್ನು ಎಳೆದರೆ ಎರಡೂ ಕೆಡುತ್ತವೆ. ಪೆಟ್ರೋಲು, ಹಳೆಯ ಹಲ್ಲುಜ್ಜುವ ಬ್ರಷ್ಷು, ಇವುಗಳಿಂದ ಹಲ್ಲುಗಳ ನಡುವಿನ ಜಿಡ್ಡನ್ನು ತೊಳೆದರು. ಆಮೇಲೆ ತೋಳನ್ನು ನನ್ನ ಕೈಗೆ ಕೊಟ್ಟು ಸೀಳನ್ನು ನೋಡಹೇಳಿದರು. ಸೀಳಿನ ಎರಡು ತುಟಿಗಳೂ ಒಂದಕ್ಕೊಂದು ತಾಗಿಬಿಟ್ಟಿದ್ದವು. “ಬೋಲ್ಟು ಬಿಗಿಯಾಗೇ ಇದೆ ಸ್ವಾಮಿ, ಆದರೆ ತುಟಿ ತುಟಿ ಕಚ್ಚಿಕೊಂಡಿದೆ. ಇನ್ನು ಎಷ್ಟು ಬಿಗಿದರೂ ಶಾಫ್ಟಿಗೆ ಹಿಡಿತ ಬರೋಲ್ಲ.” ಗರಗಸದ ಅಲಗನ್ನು ಸೀಳಿನಲ್ಲಿ ನಾಲ್ಕು ಸಲ ಎಳೆದು ಅದನ್ನು ಕೊಂಚ ಅಗಲಿಸಿದರು. ಪಾನೀಯದ ಖಾಲಿ ತಗಡಿನ ಡಬ್ಬಿಯಿಂದ ಕಾಗದದಷ್ಟು ತೆಳುವಾದ ಪಟ್ಟಿಯನ್ನು ಕತ್ತರಿಸಿ, ಶಾಫ್ಟಿಗೆ ಸುತ್ತಿ, ಅದರ ಮೇಲೆ ತೋಳನ್ನು ತೊಡಿಸಿ, ವಾಷರ್ ಸಹಿತ ಬೋಲ್ಟನ್ನು ಬಿಗಿದರು.

ಮನೆಯಾಕೆ ಇದನ್ನು ನೋಡಿ, “ಬೀಸೋ ಕಲ್ಲಿನ ಗೂಟ ಅಲ್ಲಾಡಿದರೆ ನಮ್ಮಮ್ಮ ಬಟ್ಟೆ ಸುತ್ತಿ ಹೊಡೆಯೋದೂ ಹೀಗೇ” ಎಂದಳು. ಸಾಹೇಬರು ಬಹಳ ಸಂತೋಷಪಟ್ಟು, “ಹೌದಮ್ಮಾ, ಅದೇ ಇದು. ಆದರೆ ಬಟ್ಟೆ ಎಷ್ಟು ದಿನ ಬರುತ್ತೆ? ಶ್ರೀನಿವಾಸಪುರಕ್ಕೆ ಹೋಗಿ, ವಾಪಸು ಕೋಲಾರಕ್ಕೆ ಬರೋವರೆಗೆ. ಅಲ್ಲಿ ಹೊಸ ತೋಳು ಹಾಕಿಸಿ” ಎಂದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಬಂಡಿಗಳಲ್ಲಿ ತಾವು ಕೆಲಸ ಕಲಿತುದನ್ನೂ ಅವರು ನೆನೆದರು. 1961ರಿಂದ 1996ರವರೆಗೆ ನಡೆದ ಆ ಕಾರ್ಖಾನೆಯ ಬಂಡಿಗಳಲ್ಲಿ ಗೇರಿನ ಪೆಡಲೇ ಕಿಕ್ಕರ್ ಕೂಡ ಆಗಿದ್ದಿತು: ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದರಿಂದಲೇ ಎಂಜಿನನ್ನು ಹೊಡೆದೆಬ್ಬಿಸಬಹುದು. ಒಂದೇ ಹಿಡಿಗೆ ಎರಡು ಸಂಸಾರ, ಆದರೂ ನಿಭಾಯಿಸಿತು ಎಂದು ನಕ್ಕರು. ನೂರು ರೂಪಾಯಿ ಕೊಟ್ಟರೆ ಐವತ್ತನ್ನು ಹಿಂದಕ್ಕೆ ಕೊಟ್ಟರು.

ಅಷ್ಟು ಹೊತ್ತಿಗೆ ಹಸಿವಾಗಿದ್ದಿತು. ಮುಳಬಾಗಿಲಿನ ದೋಸೆಯನ್ನು ವರ್ಣಿಸಹೊರಟರೆ ಲೇಖನ ಬೆಳೆಯುತ್ತದೆ. ಚಿಕ್ಕದು, ದಪ್ಪ, ಹೊರಗೆ ಗರಿ, ಒಳಗೆ ಮೆತ್ತಗೆ. ಮನೆಯಾಕೆ ಎರಡು ಹೆಚ್ಚಾಗಿಯೇ ತಿಂದಳು. ಭಯ ಇಳಿದ ಮೇಲಿನ ಹಸಿವು ಅದು. ಡಿ. ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದುದು ಈ ಊರಿನಲ್ಲಿ. ಬೆಂಗಳೂರಿನಲ್ಲಿ ಅವರು ಹೊಟ್ಟೆಪಾಡಿಗಾಗಿ ಜಟಕಾಗಾಡಿಗಳಿಗೆ ಬಣ್ಣ ಬಳಿಯುವ ಅಂಗಡಿಯಲ್ಲಿಯೂ ಕೆಲಸಮಾಡಿದ್ದರೆಂಬ ಸಂಗತಿ, ಸಾಹೇಬರ ಅಂಗಡಿಯಿಂದ ಬಂದ ನನಗೆ ಆ ದಿನ ವಿಶೇಷವಾಗಿ ಪ್ರಿಯವೆನಿಸಿತು. ಆಂಜನೇಯನ ದರ್ಶನವಾಯಿತು. ಕುರುಡುಮಲೆಯ ಏಕಶಿಲಾ ಗಣಪತಿಗೆ ಕೈಮುಗಿಯದೆ ಈ ಕಡೆಯವರು ಹೊಸ ಕೆಲಸಕ್ಕೆ ಕೈಹಾಕುವುದಿಲ್ಲ. ನಮ್ಮದು ಹಳೆಯ ಬಂಡಿಯ ಹಳೆಯ ಕೆಲಸವಾದುದರಿಂದ, ಮುಂದಿನ ಸಲ ಬರುತ್ತೇವೆಂದು ಮನಸ್ಸಿನಲ್ಲಿಯೇ ಹೇಳಿಕೊಂಡೆವು.

ಶ್ರೀನಿವಾಸಪುರದ ದಾರಿಯಲ್ಲಿ ಎರಡು ಕಡೆಯೂ ಮಾವಿನ ತೋಪುಗಳು. ಕೊಂಬೆಗಳು ಭಾರಕ್ಕೆ ನೆಲವನ್ನು ಮುಟ್ಟುತ್ತಿದ್ದವು. ಈ ಊರಿನ ಹಿಂದಿನ ಹೆಸರು ಪಾಪನಪಳ್ಳಿಯೆಂದೂ ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರನ್ನು ಇದಕ್ಕೆ ಇಟ್ಟರೆಂದೂ ಹೇಳುತ್ತಾರೆ. ಮಂಡಿಗಳ ಮುಂದೆ ತೋತಾಪುರಿಯ ರಾಶಿ ಮನೆಯೆತ್ತರ ಬಿದ್ದಿರುತ್ತದೆ. ಅದರಲ್ಲಿ ಬಹುಭಾಗ ಚಿತ್ತೂರಿನ ಕಡೆಯ ತಿರುಳಿನ ಕಾರ್ಖಾನೆಗಳಿಗೆ ಹೋಗುವುದು. ಮನೆಗೆ ಬೇಕಾದುದು ಬಾದಾಮಿ, ರಸಪುರಿ, ಮಲ್ಲಿಕಾ. ಅಕ್ಕನ ಮನೆಯಲ್ಲಿ ಎರಡು ದಿನ ಹಣ್ಣನ್ನೇ ಊಟಮಾಡಿದೆವು. ಮನೆಯಾಕೆ ಹೆದ್ದಾರಿಯ ಸಂಗತಿಯನ್ನು ಅಕ್ಕನಿಗೆ ಹೇಳುತ್ತಾಳೆಂದು ನಾನು ಕಾದೇ ಇದ್ದೆ. ಅವಳು ಹೇಳಿದುದು ತಗಡಿನ ಪಟ್ಟಿಯ ಸಂಗತಿಯನ್ನು ಮಾತ್ರ. ಅದೂ ತಾನೇ ಸುತ್ತಿದವಳಂತೆ.

ಮೂರನೆಯ ದಿನ ಕೋಲಾರಕ್ಕೆ ಬಂದು ಹೊಸ ತೋಳನ್ನು ಕೊಂಡೆವು. ಹಾಕುವವರಿಗೆ ನಾನು ಸೀಮೆಸುಣ್ಣದ ಗುರುತಿನ ವಿಷಯ ಹೇಳಿದಾಗ ಅವರು ಆಶ್ಚರ್ಯದಿಂದ ನೋಡಿದರು. ಬೋಲ್ಟಿನ ಥ್ರೆಡ್ಡಿಗೆ ನೀಲಿಬಣ್ಣದ ಅಂಟನ್ನು ಒಂದೇ ತೊಟ್ಟು ಹಾಕಿದರು. ನಡುಕಕ್ಕೆ ಸಡಿಲದಂತೆ ಅದು ಹಿಡಿಯುತ್ತದೆ, ಬೇಕಾದಾಗ ಸ್ಪ್ಯಾನರಿಗೆ ಬಿಡುತ್ತದೆ. ಕೆಂಪು ಅಂಟು ಬೇರೆ. ಅದನ್ನು ಕಾಯಿಸದೆ ಬಿಚ್ಚಲಾಗದು, ಇಲ್ಲಿಗೆ ಅದು ತರವಲ್ಲ. ಆರು ಮಿಲಿಮೀಟರಿನ ಈ ಬೋಲ್ಟಿಗೆ ಹತ್ತು ಹನ್ನೆರಡು ನ್ಯೂಟನ್ ಮೀಟರಿನ ಬಿಗಿ ಸಾಕು. ಎಂದರೆ ಮಣಿಕಟ್ಟಿನ ಬಲ, ತೋಳಿನ ಬಲವಲ್ಲ. ಮುಂದಿನ ಗೂಟವನ್ನು ಕಳಚಿ ಬುಷ್ಷಿಗೆ ಗ್ರೀಸು ತುಂಬಿದರು. ಪೆಡಲನ್ನು ಒತ್ತಿದೆ. ಟಕ್ ಎಂದು ಒಂದೇ ಸದ್ದು.

ಮಾಲೂರಿಗೆ ಬರುವವರೆಗೆ ಮನೆಯಾಕೆ ಮಾವಿನ ಬುಟ್ಟಿಯನ್ನು ನಮ್ಮಿಬ್ಬರ ನಡುವೆ ಹಿಡಿದುಕೊಂಡು ಕುಳಿತಿದ್ದಳು. ರಾತ್ರಿ ಮಗನು ಫೋನ್ ಮಾಡಿದಾಗ, “ನಿನ್ನ ಬಂಡಿ ಸರಿಯಾಗಿದೆ, ಬಂದಾಗ ನೋಡುವಿಯಂತೆ” ಎಂದು ಹೇಳಿದವಳು ಅವಳೇ. ಈಗ ತಿಂಗಳ ಮೊದಲ ಭಾನುವಾರ ನಾನು ಹಿತ್ತಲ ಬಾಗಿಲಲ್ಲಿ ಮಣೆ ಹಾಕಿಕೊಂಡು, ಒಂದೊಂದು ಕೀಲಿನ ಮೇಲೂ ಬೆರಳಿಟ್ಟು ಪೆಡಲನ್ನು ಆಡಿಸಿ ನೋಡುತ್ತೇನೆ. ಅವಳು ಟಾರ್ಚು ಹಿಡಿದು ನಿಲ್ಲುತ್ತಾಳೆ.